ರಂಧ್ರವಿರುವ ತುತ್ತೂರಿ ಮತ್ತು ಎಡ್ವರ್ಡ್ ಟಾರ್

ಬರೋಕ್ ಕಾಲದ, ಎಂದರೆ 17–18ನೆಯ ಶತಮಾನದ, ಟ್ರಂಪೆಟ್ಟಿನ ಕೊಳವೆಯಲ್ಲಿ ಬೆರಳಿನಿಂದ ಮುಚ್ಚಿ ತೆರೆಯುವ ಮೂರು ನಾಲ್ಕು ಸಣ್ಣ ರಂಧ್ರಗಳಿರಬಹುದೇ ಎಂಬ ಜಗಳ ಯುರೋಪಿನ ಪ್ರಾಚೀನ ಸಂಗೀತದ ವಲಯದಲ್ಲಿ ಇನ್ನೂ ಮುಗಿದಿಲ್ಲ. ರಂಧ್ರ ಬೇಡವೆನ್ನುವವರು, ರಂಧ್ರಗಳನ್ನು ಬಳಸಿದ ಟ್ರಂಪೆಟ್ ವಾದಕ ಎಡ್ವರ್ಡ್ ಟಾರ್ ಅವರ ತಲೆಮಾರನ್ನು ಸುಲಭದ ದಾರಿ ಹಿಡಿದವರೆಂದು ತಳ್ಳಿಹಾಕುವುದು ನನಗೆ ಅನ್ಯಾಯವೆನಿಸುತ್ತದೆ.

ಹಳೆಯ ಟ್ರಂಪೆಟ್ಟಿಗೆ ವಾಲ್ವ್‌ಗಳಿಲ್ಲ, ಅಂದರೆ ಬೆರಳಿನಿಂದ ಒತ್ತಿ ಸ್ವರ ಬದಲಿಸುವ ಗುಂಡಿಗಳಿಲ್ಲ. ತುಟಿ ಮತ್ತು ಉಸಿರಿನಿಂದಲೇ ಸ್ವರ ಹುಟ್ಟಬೇಕು. ಹಾಗೆ ಹುಟ್ಟುವ ಸ್ವರಶ್ರೇಣಿಯಲ್ಲಿ 11ನೆಯದು, ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ಸರಿಸುಮಾರು ನಡುವೆ ನಿಲ್ಲುತ್ತದೆ. 13ನೆಯದು ಚತುಶ್ರುತಿ ಧೈವತವನ್ನು ಮುಟ್ಟದೆ ಕೆಳಗೇ ಉಳಿಯುತ್ತದೆ. ಬಾಖ್‌ನ ಕಾಲದ ವಾದಕರು ಇವನ್ನು ತುಟಿಯಿಂದಲೇ ತಿದ್ದಿಕೊಳ್ಳುತ್ತಿದ್ದರು. ಆ ವಿದ್ಯೆಯ ಪರಂಪರೆ ಕಡಿದುಹೋದ ಮೇಲೆ, 1960ರ ಸುಮಾರಿಗೆ ಜರ್ಮನಿಯಲ್ಲಿ ಒಟ್ಟೊ ಸ್ಟೈನ್‌ಕಾಪ್ಫ್ ಮತ್ತು ಹೆಲ್ಮುಟ್ ಫಿಂಕೆ ಇಂಥ ಸ್ವರಗಳನ್ನು ಸರಿಪಡಿಸಲು ರಂಧ್ರಗಳ ಉಪಾಯವನ್ನು ಕಂಡುಕೊಂಡರು.

1936ರಲ್ಲಿ ಅಮೆರಿಕದ ಕನೆಟಿಕಟ್‌ನಲ್ಲಿ ಹುಟ್ಟಿದ ಟಾರ್ ಕಲಿತದ್ದು ಆಧುನಿಕ ಟ್ರಂಪೆಟ್ಟನ್ನು. ಬಾಸ್ಟನ್ನಿನ ರೋಜರ್ ವುವಾಜ಼ಾಂ, ಷಿಕಾಗೋದ ಅಡಾಲ್ಫ್ ಹರ್ಸೆತ್ ಅವರ ಗುರುಗಳು. ಮುಂದೆ ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ಹೋಗಿ ಲಿಯೊ ಶ್ರಾಡೆ ಅವರಲ್ಲಿ ಸಂಗೀತಶಾಸ್ತ್ರವನ್ನು ಅಭ್ಯಾಸ ಮಾಡಿದರು. ನುಡಿಸುವವನೇ ಹಸ್ತಪ್ರತಿಯನ್ನೂ ಓದಬಲ್ಲವನಾದದ್ದು ಇಲ್ಲಿಂದ. ಬರೋಕ್ ಟ್ರಂಪೆಟ್ಟಿನ ಜೊತೆಗೆ, ಚರ್ಮ ಹೊದಿಸಿದ ಮರದ ಕಾರ್ನೆಟ್ಟೊವನ್ನೂ ಅವರು ನುಡಿಸಿದರು. ಅದೇ ವರ್ಷಗಳಲ್ಲಿ ಮೌರಿಸಿಯೊ ಕಾಗೆಲ್‌ನ ಅತ್ಯಾಧುನಿಕ ಕೃತಿಗಳ ವಾದ್ಯವೃಂದದಲ್ಲೂ ಇದ್ದರು. ಇಷ್ಟೊಂದು ಕಡೆ ಕೈ ಹಾಕಿದವರನ್ನು ಸಂಶಯದಿಂದ ನೋಡುವುದು ಪಂಡಿತರ ಅಭ್ಯಾಸ.

ಆದರೆ ಅವರ ನಿಜವಾದ ದುಡಿಮೆ ವೇದಿಕೆಯಿಂದ ಆಚೆ ನಡೆಯಿತು. ಬೆಂಡಿನೆಲ್ಲಿಯ 1614ರ ಟ್ರಂಪೆಟ್ ಪಾಠಗಳನ್ನೂ, ಆಲ್ಟೆನ್‌ಬುರ್ಗ್‌ನ 1795ರ ಗ್ರಂಥವನ್ನೂ ಇಂಗ್ಲಿಷಿಗೆ ತಂದವರು ಟಾರ್. ರಂಧ್ರವಿಲ್ಲದೆ ನುಡಿಸಬೇಕೆಂದು ವಾದಿಸುವವರು ಇಂದು ಸಾಕ್ಷಿಗೆ ಕರೆಯುವ ಹಳೆಯ ಗ್ರಂಥಗಳಲ್ಲಿ ಇವೂ ಸೇರಿವೆ. ತನ್ನ ತಲೆಮಾರಿನ ಅನುಕೂಲವನ್ನೇ ಪ್ರಶ್ನಿಸಬಲ್ಲ ಆಧಾರಗಳನ್ನು ಮುಂದಿನವರ ಕೈಗಿಟ್ಟವನನ್ನು ಸುಲಭದ ದಾರಿಯವನೆಂದು ಹೇಗೆ ಕರೆಯುವುದು?

ಬಾಸೆಲ್‌ನ ಪ್ರಾಚೀನ ಸಂಗೀತದ ಶಾಲೆಯಾದ ಸ್ಕೋಲಾ ಕಾಂಟೋರಮ್‌ನಲ್ಲಿ 1972ರಿಂದ ಅವರು ದೀರ್ಘಕಾಲ ಕಲಿಸಿದರು. ರೈನ್‌ಹೋಲ್ಡ್ ಫ್ರೀಡ್ರಿಶ್, ನಿಕ್ಲಾಸ್ ಎಕ್ಲುಂಡ್ ಅವರ ಶಿಷ್ಯರು. ಇಬ್ಬರ ನಾದವೂ ಒಂದರಂತೆ ಇನ್ನೊಂದಿಲ್ಲ ಎಂಬುದನ್ನು ಗುರುವಿನ ಗುಣವೆಂದೇ ನಾನು ಎಣಿಸುತ್ತೇನೆ. 1985ರಿಂದ 2004ರವರೆಗೆ ರೈನ್ ದಂಡೆಯ ಬಾಡ್ ಸೆಕಿಂಗೆನ್‌ನಲ್ಲಿರುವ ಟ್ರಂಪೆಟ್ ವಸ್ತುಸಂಗ್ರಹಾಲಯದ ಹೊಣೆಯನ್ನೂ ಹೊತ್ತಿದ್ದರು.

ಟಾರ್ 2020ರಲ್ಲಿ ತೀರಿಕೊಂಡರು. ಅವರು ಕಲಿಸಿದ ಅದೇ ಬಾಸೆಲ್ ಶಾಲೆಯಲ್ಲಿ, ಅವರು ಬದುಕಿದ್ದಾಗಲೇ, ಜ಼್ಯಾಂ-ಫ್ರಾಂಸ್ವಾ ಮದೆಫ್ ರಂಧ್ರವಿಲ್ಲದ ಟ್ರಂಪೆಟ್ಟನ್ನು ಕಲಿಸತೊಡಗಿದರು. ಮದೆಫ್ ಅವರ ನಾದ, ಅಲ್ಲಲ್ಲಿ ಒರಟಾಗಿದ್ದರೂ, ನನಗೆ ಹೆಚ್ಚು ಇಷ್ಟ. ಹಾಗೆಂದು ಅದನ್ನು ಟಾರ್ ವಿರುದ್ಧದ ತೀರ್ಪಾಗಿ ಬಳಸಲು ನಾನು ಒಪ್ಪುವುದಿಲ್ಲ.