ಕುದುರೆ ಒಲ್ಲೆ ಅಂದಿತು

ಬೆಂಗಳೂರಿನಲ್ಲಿ ಒಂದು ಮಗು ಬೀದಿನಾಯಿಯ ತಲೆ ಸವರಿದರೆ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಎರಡು ದಿನ ಗಲಾಟೆ ನಡೆಯುತ್ತದೆ. ಅದೇ ಮಗುವನ್ನು ನಾನೂರೈವತ್ತು ಕಿಲೋ ತೂಕದ ಪ್ರಾಣಿಯ ಬೆನ್ನಿಗೇರಿಸಿ ಕಂಬ ಹಾರಿಸುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ಫೀಸು ಕಟ್ಟಿರಬೇಕು ಅಷ್ಟೆ.

ಅಬ್ಯಾಕಸ್, ಚೆಸ್, ಭರತನಾಟ್ಯ, ಕೋಡಿಂಗ್ ಎಲ್ಲ ಈಗ ಎಲ್ಲರ ಮಕ್ಕಳಿಗೂ ಬರುತ್ತದೆ. ಎಲ್ಲರಿಗೂ ಬಂದ ಮೇಲೆ ಅದಕ್ಕೇನು ಬೆಲೆ? ಮುಂದೆ ಅಮೆರಿಕದ ಕಾಲೇಜಿನವರು ಅರ್ಜಿ ಬಿಚ್ಚಿದಾಗ ಅದರಲ್ಲೊಂದು ಕುದುರೆ ಕಾಣಿಸಬೇಕು ಅಂತ ಯಾರೋ ಕೌನ್ಸೆಲರ್ ನಮ್ಮ ಭಾವನ ತಲೆಗೆ ತುಂಬಿದ್ದಾರೆ. ಅವರ ಮಗಳು ಪುಟ್ಟಿಗೆ ಈಗ ಒಂಬತ್ತು ವರ್ಷ. ಕಾಲೇಜಿಗೆ ಇನ್ನೂ ಅಷ್ಟೇ ವರ್ಷ ಬಾಕಿ ಇದೆ. "ಸ್ವಲ್ಪ ಲೇಟಾಗಿ ಬಂದ್ರಿ" ಅಂತ ಕೌನ್ಸೆಲರ್ ಬೇಜಾರು ಮಾಡಿಕೊಂಡರಂತೆ.

ಹಾಗಾಗಿ ಶನಿವಾರ ಬೆಳಗಿನ ಜಾವ, ಹಾಲಿನವರೂ ಏಳದ ಹೊತ್ತಿನಲ್ಲಿ, ಎರಡು ದಿನದ ಕುದುರೆ ಸವಾರಿ ಸ್ಪರ್ಧೆಗೆಂದು ದೇವನಹಳ್ಳಿ ರಸ್ತೆಯಲ್ಲಿ ನಮ್ಮ ಕಾರು. ಮುಂದೆ ಭಾವ, ಅಕ್ಕ. ಹಿಂದೆ ಪುಟ್ಟಿಯ ಅಜ್ಜಿ, ಅವರ ತೊಡೆಯ ಮೇಲೆ ಪುಳಿಯೋಗರೆ ಡಬ್ಬಿ, ಪಕ್ಕದಲ್ಲಿ ಹೆಲ್ಮೆಟ್ ಹಾಕಿಕೊಂಡೇ ನಿದ್ದೆ ಹೊಡೆಯುತ್ತಿದ್ದ ಪುಟ್ಟಿ. ನನ್ನ ಕೆಲಸ ವಿಡಿಯೊ ತೆಗೆಯುವುದು. ಡಿಕ್ಕಿಯಲ್ಲಿ ಮೊಣಕಾಲುದ್ದದ ಬೂಟು, ಕ್ಯಾರೆಟ್ಟು, ಒಂದರ ಮೇಲೊಂದು ಮೂರು ಬಿಳಿ ಪ್ಯಾಂಟು. ಲದ್ದಿ ಬೀಳುವ ಜಾಗಕ್ಕೆ ಬಿಳಿ ಪ್ಯಾಂಟೇ ಹಾಕಬೇಕು ಅಂತ ನಿಯಮ ಮಾಡಿದವನು ಜನ್ಮದಲ್ಲಿ ಬಟ್ಟೆ ಒಗೆದವನಲ್ಲ ಅಂತ ಅಕ್ಕ ಹೇಳುವುದು ಸರಿಯೇ.

ದಾರಿಯುದ್ದಕ್ಕೂ ಭಾವನ ಬಾಯಲ್ಲಿ ಫೌವಾದ್ ಮಿರ್ಜಾ. ತಪ್ಪೇನಿಲ್ಲ ಬಿಡಿ. ಬೆಂಗಳೂರಿನವರು, 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದವರು. ಆ ಕೂಟದ ಕುದುರೆ ಸವಾರಿಯಲ್ಲಿ 1982ರ ನಂತರ ಭಾರತಕ್ಕೆ ವೈಯಕ್ತಿಕ ಪದಕ ಬಂದದ್ದು ಅದೇ ಮೊದಲು. ಟೋಕಿಯೊ ಒಲಿಂಪಿಕ್ಸ್‌ಗೂ ಹೋಗಿ 23ನೇ ಸ್ಥಾನ ಪಡೆದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಡ್ರೆಸಾಜ್‌ನಲ್ಲಿ, ಅಂದರೆ ಕುದುರೆಯನ್ನು ಅಚ್ಚುಕಟ್ಟಾಗಿ ನಡೆಸಿ ತೋರಿಸುವ ಸ್ಪರ್ಧೆಯಲ್ಲಿ, ನಮ್ಮ ತಂಡಕ್ಕೆ ಚಿನ್ನವೇ ಸಿಕ್ಕಿತು. ಆ ತಂಡದವರು ಮನೆಮಠ ಬಿಟ್ಟು ವರ್ಷಗಟ್ಟಲೆ ಯುರೋಪಿನಲ್ಲಿ ಕುದುರೆಗಳ ಜೊತೆ ಬೆವರು ಸುರಿಸಿದವರು. ಈ ಭಾಗ ಮಾತ್ರ ಭಾವನ ಭಾಷಣದಲ್ಲಿ ಬರುವುದಿಲ್ಲ. ಅವರ ಲೆಕ್ಕದಲ್ಲಿ ವಾರಕ್ಕೆ ಎರಡು ಸಲ, ಮುಕ್ಕಾಲು ಗಂಟೆ ಕೂತರೆ 2036ಕ್ಕೆ ಒಲಿಂಪಿಕ್ಸ್. ಅದು ಅಹಮದಾಬಾದಿಗೇ ಬಂದರೆ ಇನ್ನೂ ಅನುಕೂಲ, ಅಲ್ಲಿ ಉಳಿದುಕೊಳ್ಳಲು ಸ್ನೇಹಿತರ ಮನೆ ಇದೆ.

ಶನಿವಾರ ಡ್ರೆಸಾಜ್. ಮರಳು ಹಾಸಿದ ಅಂಗಳ, 20 ಮೀಟರ್ ಅಗಲ, 40 ಮೀಟರ್ ಉದ್ದ. ಸುತ್ತಲೂ ಅಕ್ಷರಗಳ ಫಲಕ: ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್. ಇದ್ಯಾವ ವರ್ಣಮಾಲೆ, ಯಾಕೆ ಈ ಕ್ರಮ ಅಂತ ಜಗತ್ತಿನಲ್ಲಿ ಯಾರೂ ಖಚಿತವಾಗಿ ಹೇಳುವುದಿಲ್ಲ. ನಟ್ಟನಡುವೆ ಎಕ್ಸ್ ಇದೆ. ಅದಕ್ಕೆ ಫಲಕವೇ ಇಲ್ಲ. ಕಣ್ಣಿಗೆ ಕಾಣದ ಆ ಎಕ್ಸ್ ಮೇಲೆ ಕುದುರೆ ಅಲ್ಲಾಡದೆ ನಿಲ್ಲಬೇಕು, ಮಗು ತೀರ್ಪುಗಾರರಿಗೆ ತಲೆಬಾಗಿ ವಂದಿಸಬೇಕು. ಒಂದೊಂದು ತಿರುವಿಗೂ ಹತ್ತಕ್ಕೆ ಇಷ್ಟು ಅಂತ ಅಂಕ.

ಇದಕ್ಕಾಗಿ ಭಾವ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದಿದ್ದರು. ಪುಟ್ಟಿ ದಿನಾ ಸಂಜೆ ತನ್ನ ಕಾಲಲ್ಲೇ ಕುದುರೆಯ ಹಾಗೆ ಟ್ರಾಟ್ (ಕುಕ್ಕುಲೋಟ) ಹೋಗುವುದು, ಅಕ್ಕ ಕಾಗದ ಹಿಡಿದು "ಸಿಯಲ್ಲಿ ಎಡಕ್ಕೆ, ಇಯಲ್ಲಿ ದೊಡ್ಡ ಸುತ್ತು" ಅಂತ ಕೂಗುವುದು. ಬಟ್ಟೆ ಒಣಗಿಸಲು ಬರುವ ಪಕ್ಕದ ಮನೆಯವರು ಈಗ ತಮಗೆ ಗೊತ್ತಿಲ್ಲದೆಯೇ ಸಿಯಲ್ಲಿ ಎಡಕ್ಕೆ ತಿರುಗುತ್ತಾರೆ.

"ಯಾವಾಗ್ಲೋ ಓಡೋದು?" ಅಂತ ಅಜ್ಜಿ ಮಗನನ್ನು ಕೇಳಿದರು.

"ಇವತ್ತು ಓಡಲ್ಲಮ್ಮ. ಚೆನ್ನಾಗಿ ನಡೆದರೆ ಮಾರ್ಕ್ಸು."

"ನಡೆಯೋದಕ್ಕೂ ಮಾರ್ಕ್ಸಾ? ನಿಮ್ಮಪ್ಪ ಆರು ಮೈಲಿ ನಡೆದು ಸ್ಕೂಲಿಗೆ ಹೋಗ್ತಿದ್ರು. ಯಾರೂ ಒಂದು ಮಾರ್ಕ್ಸ್ ಕೊಡ್ಲಿಲ್ಲ."

ಇಲ್ಲಿ ಕುದುರೆಯ ವಿಷಯ ಸ್ವಲ್ಪ ಹೇಳಬೇಕು. ಸವಾರಿ ಶಾಲೆಯ ಕುದುರೆಗಳಲ್ಲಿ ತುಂಬಾ ಕುದುರೆಗಳು ರೇಸಿನಿಂದ ನಿವೃತ್ತವಾದವು. ಇದೂ ಹಾಗೇ. ಕಾಗದದಲ್ಲಿ ಉದ್ದನೆಯ ಇಂಗ್ಲಿಷ್ ಹೆಸರು, ಲಾಯದಲ್ಲಿ ರಾಜ. ನಮ್ಮ ಕಡೆ ಹಳ್ಳಿಯ ಮೇಷ್ಟ್ರು ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ 1 ಅಂತ ಬರೆದುಬಿಡುತ್ತಿದ್ದರಲ್ಲ, ರೇಸ್ ಕುದುರೆಗಳಿಗೆ ಜನವರಿ 1 ಹಾಗೆ. ಯಾವ ತಿಂಗಳು ಹುಟ್ಟಿದರೂ ವಯಸ್ಸು ಏರುವುದು ಅವತ್ತೇ. ದೊಡ್ಡ ಸ್ಪರ್ಧೆಗೆ ಹೋಗುವ ಕುದುರೆಗೆ ಪಾಸ್‌ಪೋರ್ಟೂ ಬೇಕು. ಅದರಲ್ಲಿ ಲಸಿಕೆಯ ವಿವರದ ಜೊತೆಗೆ ಮೈಮೇಲಿನ ಸುಳಿಗಳನ್ನೂ ಗುರುತು ಹಾಕುತ್ತಾರೆ. ನಮ್ಮ ಮುತ್ತಾತಂದಿರು ಜಾತ್ರೆಯಲ್ಲಿ ಎತ್ತಿನ ಸುಳಿ ನೋಡಿದರೆ ಮೂಢನಂಬಿಕೆ. ಸ್ವಿಟ್ಜರ್ಲೆಂಡಿನ ಫೆಡರೇಶನ್ ನೋಡಿದರೆ ದಾಖಲೆ.

ರಾಜನನ್ನು ನೋಡಿಕೊಳ್ಳುವ ಸೈಸ್ ಕುಣಿಗಲ್ ಕಡೆಯವರು, ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು. ರಾತ್ರಿ ಮೂರಕ್ಕೆ ಎದ್ದು ರಾಜನ ಮೈ ಉಜ್ಜಿ, ಗೊರಸು ಕೆರೆದು, ಕೇಸರಕ್ಕೆ ಸಣ್ಣ ಸಣ್ಣ ಜಡೆ ಹಾಕಿ, ಜೀನು ಬಿಗಿದು, ಪುಟ್ಟಿಯನ್ನು ಎತ್ತಿ ಕೂರಿಸಿದವರು ಅವರು. ಆಮೇಲೆ ಫೋಟೊ ಚೌಕಟ್ಟಿನಿಂದ ಆಚೆ ಸರಿದು ನಿಂತರು. ಸರಿಯದಿದ್ದರೆ ಭಾವ "ಸ್ವಲ್ಪ ಆ ಕಡೆ" ಅನ್ನುತ್ತಾರೆ ಅಂತ ಅವರಿಗೆ ಗೊತ್ತು. ಅವರ ಆಧಾರ್ ಕಾರ್ಡಿನಲ್ಲಿ ಅಪ್ಪನ ಹೆಸರು ತಪ್ಪಾಗಿದೆಯಂತೆ, ಅಲೆಯುತ್ತಿದ್ದಾರೆ.

ಭಾನುವಾರ ಜಂಪಿಂಗ್. ಅರವತ್ತು ಸೆಂಟಿಮೀಟರ್ ಎತ್ತರದ ಕಂಬಗಳು. ಸ್ಪರ್ಧೆಗೆ ಮೊದಲು ಮಕ್ಕಳು ಕೋಚ್ ಜೊತೆ ಒಳಗೆ ನಡೆದು ದೂರ ಅಳೆಯುತ್ತಾರೆ. ಕುದುರೆಯ ಒಂದು ನೆಗೆತದ ಹೆಜ್ಜೆಗೆ ಮನುಷ್ಯನ ನಾಲ್ಕು ದೊಡ್ಡ ಹೆಜ್ಜೆ ಅಂತ ಲೆಕ್ಕ. ಅಪ್ಪಂದಿರನ್ನು ಒಳಗೆ ಬಿಡುವುದಿಲ್ಲ. ಹಾಗಂತ ಸುಮ್ನೆ ಕೂರುವ ಜನವೇ? ಬೇಲಿಯ ಹೊರಗೆ ಸಾಲಾಗಿ, ಕಾಲು ಅಗಲಿಸಿ, ತುಟಿಯಲ್ಲೇ ಎಣಿಸುತ್ತಾ ನಡೆದರು. ಎಲ್ಲರೂ ಎಲ್ಲೋ ಮ್ಯಾನೇಜರುಗಳು, ವೈಸ್ ಪ್ರೆಸಿಡೆಂಟುಗಳು. ಒಬ್ಬರಂತೂ ಎಕ್ಸೆಲ್ ಶೀಟ್ ತಂದಿದ್ದರು.

ಈ ಆಟದ ನಿಯಮ ಸರಳ. ಕಂಬ ಬಿದ್ದರೆ ನಾಲ್ಕು ದಂಡ. ಕುದುರೆ ಹಾರಲು ಒಪ್ಪದೆ ನಿಂತರೂ ನಾಲ್ಕು. ಎರಡನೇ ಸಲ ನಿಂತರೆ ಗಂಟೆ ಬಾರಿಸಿ ಹೊರಗೆ ಕಳಿಸುತ್ತಾರೆ.

ನನಗೆ ಬಹಳ ಹಿಡಿಸಿದ ನಿಯಮ ಇದು. ಆಡುವವರಲ್ಲಿ ಒಬ್ಬರು "ನನ್ನ ಕೈಲಾಗಲ್ಲ, ಹೋಗಿ" ಅನ್ನಬಹುದು ಅಂತ ಮೊದಲೇ ಒಪ್ಪಿಕೊಂಡು, ಅದಕ್ಕೊಂದು ದರ ಕಟ್ಟಿಟ್ಟ ಆಟ ಬೇರೆ ಯಾವುದಿದೆ ಹೇಳಿ? ಪುಟ್ಟಿಯ ಟೈಮ್‌ಟೇಬಲ್‌ನಲ್ಲಿ ಇಂಥ ಸೌಲಭ್ಯ ಇಲ್ಲ. ಸೋಮವಾರ ಅಬ್ಯಾಕಸ್ ಮುಂದೆ ಅವಳು ಎರಡು ಸಲ ನಿಂತುಬಿಟ್ಟರೆ ಗಂಟೆ ಬಾರಿಸಿ ಮನೆಗೆ ಕಳಿಸುವವರು ಯಾರಿದ್ದಾರೆ?

ರಾಜ ಮೊದಲ ಎರಡು ಕಂಬ ಹಾರಿದ. ಮೂರನೆಯದರ ಪಕ್ಕ ಅಲಂಕಾರಕ್ಕೆ ಸೇವಂತಿಗೆ ಕುಂಡ ಇಟ್ಟಿದ್ದರು. ಅದರ ಮುಂದೆ ನಿಂತ. ಪುಟ್ಟಿ ಸುತ್ತು ಹಾಕಿಸಿ ಮತ್ತೆ ತಂದಳು. ಮತ್ತೆ ನಿಂತ. ಈ ಸಲ ಕತ್ತು ಚಾಚಿ ಒಂದು ಸೇವಂತಿಗೆ ಬಾಯಿಗೆ ಹಾಕಿಕೊಂಡ. ಗಂಟೆ ಬಾರಿಸಿತು. ಎರಡು ದಿನ, ಐದು ಜನ, ಮೂರು ಬಿಳಿ ಪ್ಯಾಂಟು, ಎಲ್ಲ ಒಂದು ನಿಮಿಷದೊಳಗೆ ಮುಗಿಯಿತು. ಪುಟ್ಟಿ ರಾಜನ ಕತ್ತು ತಟ್ಟಿ, ನಗುತ್ತಾ ಹೊರಗೆ ಬಂದು ಪುಳಿಯೋಗರೆ ಕೇಳಿದಳು.

ಆಮೇಲೆ ದೊಡ್ಡವರ ವಿಚಾರಣಾ ಆಯೋಗ ಕೂತಿತು. ಭಾವನ ಪ್ರಕಾರ ತಪ್ಪು ಎದುರಿಗಿದ್ದ ಹಳದಿ ಬ್ಯಾನರಿನದು. ಅಕ್ಕನಿಗೆ ಜೀನಿನ ಮೇಲೆ ಅನುಮಾನ. ಕೋಚ್ "ಕುದುರೆಗೆ ಇವತ್ತು ಮೂಡಿಲ್ಲ ಸಾರ್" ಅಂದರು. ಅಜ್ಜಿ ಯಾರನ್ನೂ ಕೇಳದೆ ಪರ್ಸಿನಿಂದ ಉಪ್ಪು, ಒಣಮೆಣಸಿನಕಾಯಿ ತೆಗೆದು ಮೊಮ್ಮಗಳಿಗೂ ರಾಜನಿಗೂ ಒಟ್ಟಿಗೇ ದೃಷ್ಟಿ ತೆಗೆದರು. ರಾಜ ಮೂರು ಸಲ ಸೀನಿದ. ಕುದುರೆಗೆ ಹಾರಲು ಇಷ್ಟ ಇರಲಿಲ್ಲ ಅಂತ ಸೈಸ್ ಮೆಲ್ಲಗೆ ಅಂದಿದ್ದನ್ನು ಆಯೋಗ ಕಡತಕ್ಕೆ ಸೇರಿಸಿಕೊಳ್ಳಲಿಲ್ಲ.

ಹೀಗೆ ಆಗಿರುವುದು ದೇವನಹಳ್ಳಿಯಲ್ಲೇ ಮೊದಲಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಮಾಡರ್ನ್ ಪೆಂಟಾಥ್ಲಾನ್ ಅನ್ನುವ, ಕುದುರೆ ಸವಾರಿಯೂ ಸೇರಿ ಐದು ಆಟಗಳ ಸ್ಪರ್ಧೆಯಲ್ಲಿ ಸ್ಪರ್ಧಿಗಳಿಗೆ ಚೀಟಿ ಎತ್ತಿ ಕುದುರೆ ಕೊಡುತ್ತಿದ್ದರು. ಪರಿಚಯಕ್ಕೆ ಇಪ್ಪತ್ತು ನಿಮಿಷ. ಮುಂಚೂಣಿಯಲ್ಲಿದ್ದ ಜರ್ಮನಿಯ ಅನಿಕಾ ಶ್ಲಾಯ್‌ಗೆ ಸೇಂಟ್ ಬಾಯ್ ಅನ್ನುವ ಕುದುರೆ ಬಂತು. ಅದು ಹಾರುವುದಿಲ್ಲ ಅಂತ ಹಠ ಹಿಡಿಯಿತು. ಆಕೆ ಅತ್ತರು, ಕೋಚ್ ಕುದುರೆಗೆ ಗುದ್ದಿದರು. ಕೋಚನ್ನು ಕೂಟದಿಂದ ಹೊರಹಾಕಿದರು. ಕೊನೆಗೆ 2024ರ ಪ್ಯಾರಿಸ್ ಮುಗಿದ ಮೇಲೆ ಆ ಆಟದಿಂದ ಕುದುರೆ ಸವಾರಿಯನ್ನೇ ಕೈಬಿಡುವುದೆಂದು ತೀರ್ಮಾನವಾಯಿತು. ಒಂದು ಕುದುರೆ ಒಲ್ಲೆ ಅಂದಿದ್ದಕ್ಕೆ ಒಲಿಂಪಿಕ್ಸ್ ಬದಲಾಯಿತು. ನಮ್ಮ ಪೇರೆಂಟ್-ಟೀಚರ್ ಮೀಟಿಂಗಿನಲ್ಲಿ ಅಷ್ಟು ಪ್ರಭಾವ ಇರುವವರು ಯಾರೂ ಇಲ್ಲ.

ಬಹುಮಾನ ಹಂಚುವಾಗ ಇನ್ನೊಂದು ತಮಾಷೆ. ಆರನೇ ಸ್ಥಾನದವರೆಗೂ ರಿಬ್ಬನ್ ಇತ್ತು. ಆ ಗುಂಪಿನಲ್ಲಿದ್ದದ್ದು ಐದೇ ಮಕ್ಕಳು. ಆದರೂ ಪುಟ್ಟಿಗೆ ಸಿಗಲಿಲ್ಲ, ಹೊರಗೆ ಹೋದವರಿಗೆ ಸ್ಥಾನ ಇಲ್ಲವಂತೆ. ಭಾಗವಹಿಸಿದ ಸರ್ಟಿಫಿಕೇಟ್ ಸಿಕ್ಕಿತು, ದಪ್ಪ ಕಾಗದದ್ದು. ಕೌನ್ಸೆಲರ್‌ಗೆ ಬೇಕಾಗಿದ್ದದ್ದು ಅದೇ. ಎಲ್ಲರೂ ಹೋದ ಮೇಲೆ ಭಾವ ವಿಜೇತರ ಕಟ್ಟೆಯ ಮೇಲೆ ಮಗಳನ್ನು ನಿಲ್ಲಿಸಿ ಫೋಟೊ ತೆಗೆಸಿದರು. ಹೆಬ್ಬಾಳ ದಾಟುವಷ್ಟರಲ್ಲಿ ಅದು ಲಿಂಕ್ಡ್‌ಇನ್‌ನಲ್ಲಿತ್ತು: ಬಿದ್ದು ಮೇಲೇಳುವುದನ್ನು ಮಗಳಿಂದ ಕಲಿತೆ ಅಂತ. ಯಾರೂ ಬಿದ್ದಿರಲಿಲ್ಲ. ಹೆಬ್ಬಾಳದಲ್ಲಿ ಎಷ್ಟು ಹೊತ್ತು ನಿಂತಿದ್ದೆವೆಂದರೆ ಅಷ್ಟರಲ್ಲಿ ನಾನೂರು ಲೈಕ್ ಬಂದವು.

ನಾನು ಒಂದು ಸಲಹೆ ಕೊಟ್ಟೆ. ಫಿನ್ಲೆಂಡಿನಲ್ಲಿ ಕೋಲಿಗೆ ಕುದುರೆತಲೆ ಸಿಕ್ಕಿಸಿಕೊಂಡು ಮಕ್ಕಳು ಕಂಬ ಹಾರುತ್ತಾರೆ, ಅದಕ್ಕೂ ಚಾಂಪಿಯನ್‌ಶಿಪ್ ಇದೆ. ನಮ್ಮಲ್ಲಿ ಕೀಲುಕುದುರೆ ಇದೆ. ಹುರುಳಿ ಬೇಡ, ಲಾಳ ಬೇಡ, ಪಾಸ್‌ಪೋರ್ಟ್ ಬೇಡ. ಅದರಲ್ಲಿ ಕುದುರೆ ಮನುಷ್ಯನನ್ನು ಹೊರುವುದಿಲ್ಲ, ಮನುಷ್ಯನೇ ಕುದುರೆಯನ್ನು ಹೊತ್ತು ಕುಣಿಯುತ್ತಾನೆ. ಅಪ್ಪಂದಿರಿಗೆ ಈಗಾಗಲೇ ಅಭ್ಯಾಸ ಇದೆಯಲ್ಲ ಅಂದೆ. ಅಕ್ಕ ಹಿಂದಿರುಗಿ ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡೆ.

ಭಾವ ಆಗಲೇ ಕೋಚ್‌ಗೆ ಫೋನ್ ಹಚ್ಚಿದ್ದರು. ಸ್ಪೀಕರ್ ಆನ್ ಇತ್ತು.

"ನಿಮ್ಮ ಹತ್ತಿರ ಒಲ್ಲೆ ಅನ್ನದ ಕುದುರೆ ಯಾವುದಾದ್ರೂ ಇದೆಯಾ ಸಾರ್?"

"ಇದೆ ಸಾರ್," ಅಂದರು ಕೋಚ್. "ರೇಟು ಸ್ವಲ್ಪ ಜಾಸ್ತಿ ಆಗುತ್ತೆ."

"ಪರವಾಗಿಲ್ಲ" ಅಂದರು ಭಾವ.

ಪುಟ್ಟಿ ಕಿಟಕಿ ಕಡೆ ತಿರುಗಿ, ಬಾಯಲ್ಲಿ ಪುಳಿಯೋಗರೆ ಇಟ್ಟುಕೊಂಡೇ ಕೇಳಿದಳು: "ಮಾಮ, ನಾಲ್ಕು ಮಾರ್ಕ್ಸ್ ಹೋದ್ರೆ ಪರವಾಗಿಲ್ಲ ಅಂದ್ರೆ, ನಾಳೆ ಅಬ್ಯಾಕಸ್‌ಗೆ ಹೋಗದೆ ಇರಬಹುದಾ?"