ಯಾವ ಲಾಡ್ಜ್, ಯಾವ ತಾರೀಕು?

ದೀಕ್ಷೆ ಕೊಟ್ಟು ಸದಸ್ಯರನ್ನು ಸೇರಿಸಿಕೊಳ್ಳುವ ಭ್ರಾತೃಕೂಟವಾದ ಫ್ರೀಮೇಸನ್ ಸಂಘದ ಸದಸ್ಯರಾಗಿದ್ದರೆನ್ನಲಾದ ಮಹನೀಯರ ಪಟ್ಟಿಯೊಂದು ಮಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಈಚೆಗೆ ಸುತ್ತುತ್ತಿದೆ. ವಾಷಿಂಗ್ಟನ್, ಜೆಫರ್ಸನ್, ನೆಪೋಲಿಯನ್, ಮೊಜಾರ್ಟ್, ವಿವೇಕಾನಂದ, ನೀಲ್ ಆರ್ಮ್‌ಸ್ಟ್ರಾಂಗ್ ಎಲ್ಲರೂ ಅದರಲ್ಲಿದ್ದಾರೆ. ಒಂದು ಗುಂಪಿನಲ್ಲಿ ಹೆಮ್ಮೆಯಿಂದ ಹಂಚಿಕೆಯಾದ ಈ ಪಟ್ಟಿ, ಚರ್ಚಿನ ಗೆಳೆಯರು ಹೆಚ್ಚಿರುವ ಇನ್ನೊಂದು ಗುಂಪಿನಲ್ಲಿ ದೋಷಾರೋಪಣೆಯ ರೂಪ ತಾಳಿತು. ಅದಕ್ಕೆ ಕಾರಣವೂ ಇದೆ. ಕ್ಯಾಥೊಲಿಕರು ಈ ಸಂಘವನ್ನು ಸೇರಕೂಡದೆಂದು 1738ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ವಿಧಿಸಿದ ನಿಷೇಧವನ್ನು ವ್ಯಾಟಿಕನ್ 1983ರಲ್ಲೂ 2023ರಲ್ಲೂ ಎತ್ತಿಹಿಡಿದಿದೆ. ಕ್ಯಾಥೊಲಿಕ್ ಮನೆತನಗಳು ಇಷ್ಟೊಂದಿರುವ ನಮ್ಮೂರಿನಲ್ಲಿ ಒಬ್ಬರನ್ನು ಫ್ರೀಮೇಸನ್ ಎನ್ನುವುದು ಹಗುರವಾದ ಮಾತಲ್ಲ. ಆದರೆ ಹೊಗಳಿದವರಾಗಲಿ ತೆಗಳಿದವರಾಗಲಿ, ಯಾವ ಲಾಡ್ಜ್ (ಸಂಘದ ಸ್ಥಳೀಯ ಶಾಖೆ), ಯಾವ ತಾರೀಕು ಎಂದು ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತಾಯಿತು.

ಈ ಸಂಘದ ವಿಧಿಗಳು ಗುಟ್ಟಾಗಿರಬಹುದು, ಸದಸ್ಯತ್ವ ಮಾತ್ರ ಕಾಗದದ ವ್ಯವಹಾರ. ಅರ್ಜಿ, ಸೂಚಕರ ಹೆಸರು, ಮತದಾನ, ಶುಲ್ಕ, ಸಹಿ, ಅನಂತರ ಒಂದೊಂದಾಗಿ ಮೂರು ಹಂತಗಳ ದೀಕ್ಷೆ: ಇವೆಲ್ಲ ದಾಖಲಾಗುತ್ತವೆ. ಲಾಡ್ಜ್‌ಗಳ ಮೇಲಿನ ಕೇಂದ್ರ ಸಂಸ್ಥೆಯಾದ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್‌ನ 1751ರಿಂದ 1921ರವರೆಗಿನ ಸದಸ್ಯತ್ವದ ರಿಜಿಸ್ಟರುಗಳು 2015ರಿಂದ ಅಂತರ್ಜಾಲದಲ್ಲೇ ಹುಡುಕಲು ಸಿಗುತ್ತವೆ. ಆದ್ದರಿಂದ ‘ಗುಪ್ತ ಸಂಘ, ಪುರಾವೆ ಎಲ್ಲಿ ಸಿಕ್ಕೀತು’ ಎಂಬ ಸಮಜಾಯಿಷಿಯನ್ನು ನಾನು ಒಪ್ಪಲಾರೆ.

ವಿವೇಕಾನಂದರ ವಿಷಯವನ್ನೇ ನೋಡೋಣ. ಪಟ್ಟಿಯಲ್ಲಿ ಅವರ ಹೆಸರನ್ನು ಕಂಡು ಕೆಲವರು ಕೆರಳಿ, ಇದು ಅಪಪ್ರಚಾರವೆಂದು ಬರೆದರು. ಆದರೆ ನರೇಂದ್ರನಾಥ ದತ್ತರು 1884ರ ಫೆಬ್ರವರಿ 19ರಂದು ಕಲ್ಕತ್ತೆಯ ಆಂಕರ್ ಆಂಡ್ ಹೋಪ್ ಲಾಡ್ಜ್‌ನಲ್ಲಿ ದೀಕ್ಷೆ ಪಡೆದು, ಮೇ 20ರಂದು ಮೂರನೆಯ ಹಂತ ತಲುಪಿದ್ದು ದಾಖಲೆಯಲ್ಲಿದೆ. ಆಗ ಅವರಿಗೆ ಇಪ್ಪತ್ತೊಂದು ವರ್ಷ; ವಕೀಲರಾಗಿದ್ದ ತಂದೆ ವಿಶ್ವನಾಥ ದತ್ತರು ತೀರಿಕೊಂಡು ಮನೆ ಬಡತನಕ್ಕೆ ಬಿದ್ದದ್ದು ಅದೇ ವರ್ಷ. ದಾಖಲೆ ಹೇಳುವುದು ಅಷ್ಟನ್ನೇ. ಸಂಘವೇ ಅವರನ್ನು 1893ರಲ್ಲಿ ಷಿಕಾಗೋಗೆ ಕಳುಹಿಸಿತೆಂಬ ಮಾತು ಆ ತಾರೀಕುಗಳಿಂದ ಹುಟ್ಟುವುದಿಲ್ಲ. ಆ ಪ್ರಯಾಣಕ್ಕೆ ಮದರಾಸಿನಲ್ಲಿ ಮನೆಮನೆ ತಿರುಗಿ ಚಂದಾ ಎತ್ತಿದವರು ಅಳಸಿಂಗ ಪೆರುಮಾಳ್ ಮತ್ತು ಅವರ ಸಂಗಡಿಗರು. ಸದಸ್ಯತ್ವ ನಿಜವೆಂದ ಮಾತ್ರಕ್ಕೆ ಅದರ ಬಾಲಕ್ಕೆ ಕಟ್ಟಿದ ಕಥೆಯೂ ನಿಜವಾಗುವುದಿಲ್ಲ. ನನ್ನ ಅನುಭವದಲ್ಲಿ ಜನ ಹೆಚ್ಚಾಗಿ ಎಡವುವುದು ಇಲ್ಲಿಯೇ.

ವಾಷಿಂಗ್ಟನ್ (1752, ಫ್ರೆಡರಿಕ್ಸ್‌ಬರ್ಗ್) ಮತ್ತು ಮೊಜಾರ್ಟ್ (1784, ವಿಯೆನ್ನಾ) ಬಗ್ಗೆ ತಕರಾರಿಲ್ಲ. ಜೆಫರ್ಸನ್ ಸದಸ್ಯರಾಗಿದ್ದರೆನ್ನಲು ಯಾವ ಲಾಡ್ಜ್‌ನ ದಾಖಲೆಯೂ ಇಲ್ಲ. ಚಂದ್ರನ ಮೇಲೆ ಮೊದಲು ಕಾಲಿಟ್ಟ ಇಬ್ಬರ ಪೈಕಿ ಫ್ರೀಮೇಸನ್ ಆಗಿದ್ದವರು ಬಜ್ ಆಲ್ಡ್ರಿನ್. ಪಟ್ಟಿ ಮಾಡಿದವರು ಜೊತೆಗಿದ್ದ ಆರ್ಮ್‌ಸ್ಟ್ರಾಂಗರನ್ನೂ ಎಳೆದು ತಂದಿದ್ದಾರೆ. ನೆಪೋಲಿಯನ್‌ನ ಅಣ್ಣ ಜೋಸೆಫ್ ಫ್ರಾನ್ಸಿನ ಇಂಥದೇ ಕೇಂದ್ರ ಸಂಸ್ಥೆಯಾದ ಗ್ರ್ಯಾಂಡ್ ಓರಿಯಂಟ್‌ನ ಮುಖ್ಯಸ್ಥನಾಗಿದ್ದ, ಆದರೆ ಅಣ್ಣನ ಸದಸ್ಯತ್ವ ತಮ್ಮನಿಗೆ ಪುರಾವೆಯಾಗದು. ನೆಪೋಲಿಯನ್ ಅಂಗಿಯೊಳಗೆ ಕೈಯಿಟ್ಟುಕೊಂಡ ಚಿತ್ರವನ್ನು ಗುಪ್ತಸಂಕೇತವೆಂದು ತೋರಿಸುವವರಿಗೆ ಹೇಳಬೇಕಾದ್ದೆಂದರೆ, ಅದು ಹದಿನೆಂಟನೆಯ ಶತಮಾನದ ಭಾವಚಿತ್ರಗಳಲ್ಲಿ ಗಣ್ಯರೆಲ್ಲ ನಿಲ್ಲುತ್ತಿದ್ದ ಭಂಗಿ.

ತೆಗಳುವವರು ಲಿಯೋ ಟಾಕ್ಸಿಲ್‌ನನ್ನು ನೆನಪಿಡುವುದು ಒಳ್ಳೆಯದು. ಫ್ರೀಮೇಸನ್ನರು ಸೈತಾನನನ್ನು ಪೂಜಿಸುತ್ತಾರೆಂದು ವರ್ಷಗಟ್ಟಲೆ ಬರೆದು ಚರ್ಚಿನ ಹಿರಿಯರನ್ನೇ ನಂಬಿಸಿದ್ದ ಈತ, 1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ತುಂಬಿದ ಸಭೆಯಲ್ಲಿ ಅದೆಲ್ಲ ತನ್ನ ಕಟ್ಟುಕಥೆಯೆಂದು ತಾನೇ ಸಾರಿದ. ಆ ಕಥೆಗಳು ಇಂದಿಗೂ ಫಾರ್ವರ್ಡ್ ಆಗುತ್ತಿವೆ.

ರಿಜಿಸ್ಟರಿನಲ್ಲಿ ಹೆಸರು ಸಿಕ್ಕರೂ ಆತುರ ಬೇಡ. ಒಂದೇ ಹೆಸರಿನವರು ಹಲವರಿರುತ್ತಾರೆ; ವಯಸ್ಸು, ಊರು, ಉದ್ಯೋಗಗಳ ಕಲಮುಗಳನ್ನು ತಾಳೆ ನೋಡಬೇಕು. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿಗೆ ಸೇರಿತ್ತಾದ್ದರಿಂದ, ನಮ್ಮವರ ಹೆಸರನ್ನು ಹುಡುಕುವವರು ಮದರಾಸಿನ ಲಾಡ್ಜ್‌ಗಳ ಪುಟಗಳನ್ನೂ ತಿರುವಬೇಕು. ಭಾರತದ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾದದ್ದು 1961ರಲ್ಲಿ. ಅದರಡಿ ಸೇರಿದವರ ವಿಷಯವನ್ನು ಅಲ್ಲಿಯೇ ವಿಚಾರಿಸಬೇಕು. ಅಷ್ಟು ಮಾಡಲು ಪುರುಸೊತ್ತಿಲ್ಲದವರು ನನಗೆ ಆ ಪಟ್ಟಿಯನ್ನು ದಯವಿಟ್ಟು ಕಳುಹಿಸಬೇಡಿ.