ಬಟ್ಟೆಯ ಮೂಟೆಗಿಂತ ಹಣವೇ ಮೇಲು
ಹಣ ಕೊಟ್ಟರೆ ಮಧ್ಯದವರು ನುಂಗುತ್ತಾರೆ, ಹೊರದೇಶದ ಸಂತ್ರಸ್ತರಿಗೆ ಬಟ್ಟೆ, ಔಷಧಿಯನ್ನೇ ಕಳಿಸಿ ಎಂದು ನೆರವಿನ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಈ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ನಾನೂ ಒಮ್ಮೆ ಹೀಗೇ ಅಂದುಕೊಂಡು ಹಳೆ ಸ್ವೆಟರ್‌ಗಳನ್ನು ಗಂಟು ಕಟ್ಟಿ ಕೊಟ್ಟಿದ್ದೆ. (ನಿಜ ಹೇಳಬೇಕೆಂದರೆ, ಬೀರು ಖಾಲಿಯಾಯಿತಲ್ಲ ಎಂಬ ಖುಷಿಯೇ ಜಾಸ್ತಿ ಇತ್ತು.)

1988ರಲ್ಲಿ ಅರ್ಮೇನಿಯಾದಲ್ಲಿ ಭೂಕಂಪವಾದಾಗ ಸುಮಾರು 5,000 ಟನ್ ಔಷಧಿ, ಆಸ್ಪತ್ರೆ ಸಾಮಾನು ಬಂದು ಬಿದ್ದಿತ್ತು. ಅದನ್ನು ವಿಂಗಡಿಸಲು 50 ಜನ ಆರು ತಿಂಗಳು ಕೂರಬೇಕಾಯಿತು. ಅಷ್ಟು ಮಾಡಿಯೂ, ತಕ್ಷಣ ಬಳಸುವಂತಿದ್ದ ಔಷಧಿ ಮೂರರಲ್ಲಿ ಒಂದು ಪಾಲೂ ಇರಲಿಲ್ಲ. 2015ರಲ್ಲಿ ಭೂಕಂಪವಾದಾಗ ನೇಪಾಳದ ಕಥೆ ಇನ್ನೊಂದು ಥರ. ಕಠ್ಮಂಡು ವಿಮಾನ ನಿಲ್ದಾಣದಲ್ಲಿ ಇದ್ದದ್ದೇ ಒಂದು ರನ್‌ವೇ. ಅದೂ ಹಾಳಾಗತೊಡಗಿ, ದೊಡ್ಡ ವಿಮಾನಗಳನ್ನು ತಡೆಯಬೇಕಾಯಿತು. ಅಂಥ ಕಡೆ ನಮ್ಮ ಹಳೆ ಬಟ್ಟೆ ಇಳಿದರೆ, ಟೆಂಟು ಹೊತ್ತ ವಿಮಾನ ಕಾಯಬೇಕಾಗುತ್ತದೆ, ಅಲ್ವಾ?

ನುಂಗುವವರು ಇದ್ದಾರೆ, ಸುಳ್ಳಲ್ಲ. ಅದಕ್ಕೇ ಮೊದಲಿಂದಲೂ ಆ ದೇಶದಲ್ಲಿ ಕೆಲಸ ಮಾಡುತ್ತಿರುವ, ಲೆಕ್ಕ ತೆರೆದಿಡುವ ಸಂಸ್ಥೆಯನ್ನು ಹುಡುಕಬೇಕು. ಹಾಗೆ ನಡೆದುಕೊಳ್ಳುವವರೂ ಇದ್ದಾರೆ. 2004ರ ಸುನಾಮಿಯಾದ ಕೆಲವೇ ದಿನಗಳಲ್ಲಿ ಎಂಎಸ್‌ಎಫ್ ಎಂಬ ವೈದ್ಯರ ಸಂಸ್ಥೆ, ಸುನಾಮಿಗೆ ಬೇಕಾದಷ್ಟು ಬಂದಿದೆ, ಇನ್ನು ಬೇಡ ಎಂದು ತಾನಾಗಿಯೇ ಹೇಳಿತು. ಹೆಚ್ಚಾದ ಹಣವನ್ನು ಬೇರೆ ಕಡೆ ಬಳಸಬಹುದೇ ಎಂದು ಕೊಟ್ಟವರನ್ನೇ ಕೇಳಿತು. ಲೇಖನದಲ್ಲಿ ಇಂಥದ್ದರ ಸುದ್ದಿಯೇ ಇಲ್ಲ.